ಕುಡ, ಮಚ್ಚಿಗೆ ಹದ ಹಾಕಿಸುವಾಗ ಇಷ್ಟು ಗಮನಿಸಿ

ಮುಂಗಾರಿಗೆ ಮುಂಚೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಕುಲುಮೆಗಳಲ್ಲಿ ಕುಂಟೆಯ ಕುಡ, ನೇಗಿಲಿನ ಗುಳ ತಟ್ಟಿಸೋ ಕೆಲಸ ಜೋರು. ನನ್ನ ಕಿವಿಗೆ ಬೀಳೋ ದೂರು ಎರಡು: ಬಾಯಿ ಬೇಗ ಮೊಂಡಾಯ್ತು, ಇಲ್ಲವೇ ಕಲ್ಲಿಗೆ ತಾಗಿ ಚಕ್ಕೆ ಹಾರಿತು. ಮಳೆ ಬಿದ್ದ ಮಾರನೇ ದಿನ ಕುಡ ಮುರಿದರೆ ರಿಪೇರಿ ಮುಗಿಯುವಷ್ಟರಲ್ಲಿ ಹೊಲದ ಹಸಿ ಆರಿರುತ್ತದೆ.

ಕಬ್ಬಿಣ ಯಾವುದು?
ಕಿಟಕಿ, ಗೇಟಿಗೆ ಹಾಕುವ ಮೆದು ಕಬ್ಬಿಣದಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.25ಕ್ಕಿಂತ ಕಡಿಮೆ. ಅದನ್ನು ಕಾಯಿಸಿ ನೀರಿಗೆ ಅದ್ದಿದರೂ ಹೆಚ್ಚು ಗಟ್ಟಿಯಾಗಲ್ಲ. ಇದ್ದಿಲ ಪುಡಿಯಲ್ಲಿ ಮುಚ್ಚಿ ಸುಮಾರು 900 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಅದ್ದಿದರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತದೆ. ಆ ಪದರ ತೆಳು, ನಾಲ್ಕು ಸಲ ಸಾಣೆ ಹಿಡಿದರೆ ಹೋಯ್ತು. ಸವೆಯುವ ಪಿನ್ನಿಗೆ ಸರಿ, ಮಚ್ಚಿಗಲ್ಲ. ಲಾರಿಯ ಹಳೇ ಕಮಾನು ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6 ಇರುತ್ತದೆ. ಹದ ಹಿಡಿಯೋದು ಇದಕ್ಕೆ.

ಕಾಯಿಸುವುದು
ಬಾಯಿ ಕೆಂಡದಂತೆ ಕೆಂಪಾಗಬೇಕು, ಅಂದರೆ 800ರಿಂದ 850 ಡಿಗ್ರಿ. ಬಿಸಿಲಲ್ಲಿ ಈ ಬಣ್ಣ ತಿಳಿಯಲ್ಲ, ನೆರಳಲ್ಲೇ ನೋಡಿ. ಅಯಸ್ಕಾಂತ ಅಂಟದಂತಾದ ಮೇಲೆ ಇನ್ನು ಸ್ವಲ್ಪ ಕಾಯಿಸಿದರೆ ಸಾಕು. ಹಳದಿ, ಬಿಳಿ ಆಗುವಷ್ಟು ಕಾಯಿಸಿದರೆ ಒಳಗಿನ ಕಣ ದಪ್ಪವಾಗಿ ಉಕ್ಕು ಪೆಡಸಾಗುತ್ತದೆ.

ಅದ್ದುವುದು
ಕಮಾನು ಪಟ್ಟಿಗೆ ಎಣ್ಣೆಯೇ ಒಳ್ಳೇದು. ತಣ್ಣೀರಿನಲ್ಲಿ ಬಿರುಕು ಬಿಡುವ ಭಯ ಜಾಸ್ತಿ. ಎಣ್ಣೆ ಹೊತ್ತಿಕೊಳ್ಳಬಹುದು, ಪಕ್ಕದಲ್ಲಿ ಮರಳಿನ ಬಕೆಟ್ ಇರಲಿ. ಅದ್ದಿದ ಮೇಲೆ ಅರ ಹಾಕಿದರೆ ಕಚ್ಚದೆ ಜಾರಬೇಕು.

ಹದ ಇಳಿಸುವುದು
ತುಂಬಾ ಜನ ಬಿಡೋದು ಇದನ್ನೇ. ಅದ್ದಿದ ಉಕ್ಕು ಗಾಜಿನಂತೆ, ಪೆಟ್ಟು ತಡೆಯಲ್ಲ. ಬಾಯಿಯನ್ನು ಉಜ್ಜಿ ಹೊಳಪು ಮಾಡಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಮತ್ತೆ ಕಾಯಿಸಬೇಕು. ಬಣ್ಣ ಬಾಯಿಯತ್ತ ಸರಿಯುತ್ತಾ ಬರುತ್ತದೆ. ಹುಲ್ಲಿನ ಹಳದಿ (ಸುಮಾರು 230 ಡಿಗ್ರಿ) ಬಂದರೆ ಕುಡುಗೋಲಿಗೆ ಸಾಕು. ಎಳನೀರು ಕೊಚ್ಚುವ ಮಚ್ಚಿಗೆ ಕಂದು ಬಣ್ಣ. ನಮ್ಮ ಕಲ್ಲು ಹೊಲಗಳ ಕುಡ, ಗುಳಕ್ಕೆ ನೇರಳೆಯಿಂದ ನೀಲಿ, ಅಂದರೆ 280ರಿಂದ 300 ಡಿಗ್ರಿ.

ಕೊನೆಗೆ ಎರಡು ಮಾತು
ಗ್ರೈಂಡರಿಗೆ ಒತ್ತಿ ಹಿಡಿದು ಬಾಯಿ ನೀಲಿಯಾದರೆ ಅಲ್ಲಿ ಹದ ಇಳಿದಿದೆ ಎಂದೇ ಲೆಕ್ಕ. ಆಗಾಗ ನೀರಿಗೆ ಅದ್ದಿ ಸಾಣೆ ಹಿಡಿಯಿರಿ. ರೋಟವೇಟರ್ ಬ್ಲೇಡು ಕಾರ್ಖಾನೆಯಲ್ಲೇ ಹದವಾಗಿ ಬಂದಿರುತ್ತದೆ. ಅದನ್ನು ಕಾಯಿಸಿ ಬಗ್ಗಿಸುವುದು, ವೆಲ್ಡ್ ಮಾಡುವುದು ಬೇಡ, ಬದಲಿಸುವುದೇ ಲೇಸು.

ಮಳೆ ಬರುವ ಮುಂಚೆಯೇ ಕುಲುಮೆಗೆ ಹೋಗಿ. ಅವಸರದಲ್ಲಿ ಹದ ಕೂರುವುದಿಲ್ಲ.