ಹುಲ್ಲಿನ ಗೋಡೆ, ಕೂಡು ಒಡೆತನ

ಬಾಡಿಗೆಯ ಕೋಣೆಯಲ್ಲಿ ವಾಸಿಸುವವರಿಗೆ ಬೇಸಗೆಯ ರಾತ್ರಿಯ ಸಂಕಟವನ್ನು ನಾವು ಬಣ್ಣಿಸಬೇಕಾದುದಿಲ್ಲ. ಹಗಲೆಲ್ಲ ಕಾದ ತಾರಸಿಯು ನಡುರಾತ್ರಿಯವರೆಗೂ ಬೇಗೆಯನ್ನು ಕೆಳಕ್ಕೆ ಸುರಿಸುತ್ತಿರುತ್ತದೆ. ಫ್ಯಾನು ತಿರುಗುತ್ತದೆ, ಅದರೊಡನೆ ಮೀಟರೂ ತಿರುಗುತ್ತದೆ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಸೆಕೆಯು ಕೊಂಚ ಇಳಿಯುವುದೆಂದು ಎಲ್ಲರೂ ಬಲ್ಲರು. ಆದರೆ ಬಳಿಯುವವರಾರು? ವಿದ್ಯುತ್ತಿನ ಬಿಲ್ಲನ್ನು ತಾನು ತೆರುವುದಿಲ್ಲವಾದುದರಿಂದ ಮನೆಯೊಡೆಯನು ಸುಮ್ಮನಿರುವನು. ತಾರಸಿಯು ತನ್ನದಲ್ಲವಾದುದರಿಂದ ಬಾಡಿಗೆದಾರನು ಸುಮ್ಮನಿರುವನು. ಶಕ್ತಿಯ ಮಿತವ್ಯಯದ ಮನೆಗಳ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ದಿನಗಳಲ್ಲಿ, ಅದಕ್ಕಿರುವ ಮೊದಲ ತೊಡಕು ಒಡೆತನದ್ದೆಂದೇ ನಮ್ಮ ಭಾವನೆ.

ಈ ತೊಡಕನ್ನು ಬಿಡಿಸಲು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕೆಲವು ಕುಟುಂಬಗಳು ಕೈಗೊಂಡ ಯತ್ನವು ವಾಚಕರ ಗಮನಕ್ಕೆ ಅರ್ಹವಾಗಿದೆ. ಅವರ ನೆರೆಹೊರೆಯ ಹೆಸರು ಲೈಲ್ಯಾಕ್. 2006ರಲ್ಲಿ ಕೆಲವು ಸ್ನೇಹಿತರ ಮಾತುಕತೆಯಾಗಿ ಆರಂಭವಾದ ಕಾರ್ಯವು ಮನೆಯ ರೂಪ ತಾಳಲು ಏಳು ವರ್ಷಗಳು ಹಿಡಿದವು. ಬ್ರಾಮ್ಲಿ ಎಂಬ ಭಾಗದಲ್ಲಿ ಹಿಂದೆ ಶಾಲೆಯೊಂದಿದ್ದ ನಿವೇಶನವು ದೊರೆಯಿತು. 2012ರಲ್ಲಿ ಕಟ್ಟಡದ ಕೆಲಸ ಮೊದಲಾಯಿತು. 2013ರಲ್ಲಿ 20 ಮನೆಗಳಿಗೆ ನಿವಾಸಿಗಳು ಬಂದರು.

ಆ ಮನೆಗಳ ಗೋಡೆಯು ಮರದ ಚೌಕಟ್ಟಿನೊಳಗೆ ಒತ್ತಾಗಿ ತುಂಬಿದ ಒಣಹುಲ್ಲಿನದು. ಎರಡೂ ಮಗ್ಗುಲಿಗೆ ಸುಣ್ಣದ ಗಾರೆ. ದಪ್ಪ ಸುಮಾರು ಒಂದೂವರೆ ಅಡಿ. ಹುಲ್ಲಿನ ಎಳೆಗಳ ನಡುವೆ ಸಿಕ್ಕಿದ ಗಾಳಿಯು ಅಲುಗದಿರುವುದರಿಂದ ಒಳಗಿನ ಕಾವು ಸುಲಭವಾಗಿ ಹೊರಕ್ಕೆ ಹೋಗದು. ಹುಲ್ಲಿಗೆ ಬೆಂಕಿಯ ಭಯವಿಲ್ಲವೇ ಎಂದು ಕೇಳಬಹುದು. ಬಿಡಿಹುಲ್ಲು ಭಗ್ಗನೆ ಉರಿಯುವುದು ನಿಜ. ಬಿಗಿಯಾಗಿ ಒತ್ತಿ ಗಾರೆ ಮುಚ್ಚಿದ ಹುಲ್ಲಿಗೆ ಉರಿಯಲು ಬೇಕಾದಷ್ಟು ಗಾಳಿ ದೊರೆಯದು. ಈ ಹಲಗೆಗಳನ್ನು ಸಿದ್ಧಪಡಿಸುವಾಗ ಮುಂದೆ ಅಲ್ಲಿ ವಾಸಿಸಲಿದ್ದವರೇ ಹುಲ್ಲು ತುಂಬಲು ಕೈಜೋಡಿಸಿದರು. ಹೊರಹೋಗುವ ಬಿಸಿ ಗಾಳಿಯು ಒಳಬರುವ ತಣ್ಣನೆಯ ಗಾಳಿಗೆ ತನ್ನ ಕಾವನ್ನು ಕೊಟ್ಟುಹೋಗುವ ಏರ್ಪಾಡೂ ಅಲ್ಲುಂಟು. ಮಾಡಿನ ಮೇಲೆ ಸೂರ್ಯನ ಬೆಳಕಿನಿಂದ ವಿದ್ಯುತ್ತು ಉತ್ಪಾದಿಸುವ ಫಲಕಗಳಿವೆ.

ಇನ್ನು ಕೂಡುಬಾಳಿನ ಸಂಗತಿ. ಎಲ್ಲರಿಗೂ ಸೇರಿದ ಒಂದು ಮನೆಯುಂಟು. ಅಡಿಗೆಮನೆ, ಬಟ್ಟೆ ಒಗೆಯುವ ಯಂತ್ರಗಳು ಅಲ್ಲಿವೆ. ಇಷ್ಟಪಟ್ಟವರು ಅಲ್ಲಿ ಸಹಪಂಕ್ತಿಯಲ್ಲಿ ಉಣ್ಣುತ್ತಾರೆ. ಇಪ್ಪತ್ತು ಒಲೆಗಳಲ್ಲಿ ಇಪ್ಪತ್ತು ಪಾತ್ರೆ ಇಡುವುದಕ್ಕೂ ಒಂದೇ ಒಲೆಯ ಮೇಲೆ ಒಂದು ಹಂಡೆ ಇಡುವುದಕ್ಕೂ ಉರುವಲಿನಲ್ಲಿ ಎಷ್ಟು ಅಂತರವೆಂಬುದನ್ನು ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳು ಚೆನ್ನಾಗಿ ಬಲ್ಲರು.

ಎಲ್ಲಕ್ಕಿಂತ ಮುಖ್ಯವಾದುದು ಹಣದ ವ್ಯವಸ್ಥೆ. ಮನೆಗಳೆಲ್ಲವೂ ಸಂಘದ ಸ್ವತ್ತು. ನಿವಾಸಿಗಳೇ ಸಂಘದ ಸದಸ್ಯರು. ಪ್ರತಿಯೊಬ್ಬನೂ ತನ್ನ ನಿವ್ವಳ ವರಮಾನದ ಶೇಕಡಾ 35ರಷ್ಟನ್ನು ಸಂಘಕ್ಕೆ ತೆರುತ್ತಾನೆ. ಖರ್ಚು ಕಳೆದು ಉಳಿದುದು ಅವನ ಪಾಲಿನ ಲೆಕ್ಕಕ್ಕೆ ಜಮೆಯಾಗುತ್ತದೆ. ಬಿಟ್ಟುಹೋಗುವಾಗ ಪಾಲಿನ ಬೆಲೆಯನ್ನು ದೇಶದ ಸರಾಸರಿ ಸಂಬಳದ ಏರಿಳಿತಕ್ಕೆ ಹೊಂದಿಸಿ ಗೊತ್ತುಮಾಡುತ್ತಾರೆ. ಮನೆಗಳ ಪೇಟೆಯ ಧಾರಣೆಗೆ ಅಲ್ಲಿ ಎಡೆಯಿಲ್ಲ. ಹೀಗಾಗಿ ಗೋಡೆಗೆ ಹಾಕಿದ ಹಣದ ಫಲವು ಬಿಲ್ಲು ತೆರುವವನಿಗೇ ಸಲ್ಲುತ್ತದೆ. ಕುಂದಿಲ್ಲವೆಂದಲ್ಲ. ಸೇರಲು ಮೊದಲೇ ಠೇವಣಿ ಬೇಕು. ಮನೆಯ ಗಾತ್ರಕ್ಕೆ ತಕ್ಕ ಕನಿಷ್ಠ ವರಮಾನವೂ ಇರಬೇಕು. ತೀರ ಬಡವನಿಗೆ ಆ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ.

ಇದನ್ನು ಹಾಗೆಯೇ ನಮ್ಮಲ್ಲಿ ನಕಲುಮಾಡುವುದು ವಿವೇಕವಲ್ಲ. ಚಳಿಯ ನಾಡಿನ ಮನೆ ಕಾವನ್ನು ಒಳಗೆ ಹಿಡಿಯಬೇಕು. ಮುಂಬಯಿ, ಮದರಾಸುಗಳ ಮನೆ ಕಾವನ್ನು ಹೊರಗೇ ತಡೆಯಬೇಕು. ನಮ್ಮ ಮಳೆಗಾಲದ ತೇವಕ್ಕೆ ಹುಲ್ಲಿನ ಗೋಡೆ ಕೊಳೆಯುವ ಭಯವೂ ಉಂಟು. ನಮಗೆ ಬೇಕಾದವು ನೆರಳು, ಗಾಳಿಯ ಹಾದಿ, ತಂಪಾದ ತಾರಸಿ. ಸಾಮಗ್ರಿಯ ವಿಷಯದಲ್ಲೂ ನಾವು ಬಡವರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅದನ್ನು ಗೂಡಿನಲ್ಲಿ ಸುಡಬೇಕಾಗಿಲ್ಲ. ಅಷ್ಟು ಸೌದೆ, ಕಲ್ಲಿದ್ದಲು ಉಳಿಯಿತು.

ಕೂಡು ಒಡೆತನವಂತೂ ನಮಗೆ ಹೊಸದಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ಕೆನರಾ ಮೂಲದ ಸಾರಸ್ವತರು ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ನೇತೃತ್ವದಲ್ಲಿ 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಹಕಾರಿ ಗೃಹಸಂಘವನ್ನು ಸ್ಥಾಪಿಸಿದರು. ನೌಕರಿಗಾಗಿ ಊರು ಬಿಟ್ಟುಬಂದವರು ಒಟ್ಟುಗೂಡಿ ಸೂರು ಮಾಡಿಕೊಂಡ ಆ ಕಟ್ಟಡಗಳು ನಮ್ಮ ಕಣ್ಣೆದುರಿನ ಸಾಕ್ಷಿ.

ಇಂದು ಗೃಹಸಂಘಗಳ ಸದಸ್ಯರಾಗಿರುವ ನಮ್ಮವರು ಅನೇಕರಿದ್ದಾರೆ. ಹಳೆಯ ಚಾಳು ಕೆಡವಿ ಹೊಸ ಕಟ್ಟಡ ಏಳುವುದನ್ನು ಕಾಯುತ್ತಿರುವವರೂ ಇದ್ದಾರೆ. ನಕ್ಷೆಯು ಸಭೆಯ ಮುಂದೆ ಬಂದಾಗ ಅವರು ಪ್ರವೇಶದ್ವಾರದ ಅಲಂಕಾರವನ್ನು ಕೇಳುವ ಮೊದಲು ಪಡುವಣ ಬಿಸಿಲಿಗೆ ನೆರಳೇನು, ಕಿಟಕಿಗೆ ಎದುರು ಕಿಟಕಿ ಉಂಟೇ, ತಾರಸಿಗೆ ಹೊದಿಕೆ ಯಾವುದು ಎಂದು ಕೇಳಲಿ. ಕಟ್ಟಿ ಮುಗಿದ ಮೇಲೆ ಕೇಳಿದರೆ ಉತ್ತರವನ್ನು ಪ್ರತಿ ತಿಂಗಳೂ ವಿದ್ಯುತ್ತಿನ ಬಿಲ್ಲೇ ಕೊಡುವುದು.