ನಗರದ ಬೆಳವಣಿಗೆಯೂ ಕೊಲೆಗಳ ಏರಿಳಿತವೂ

ನಗರಗಳು ಬೆಳೆದಂತೆಲ್ಲ ಕೊಲೆ ಸುಲಿಗೆಗಳೂ ಬೆಳೆಯುವುವೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಮಕ್ಕಳನ್ನು ಓದಿಗಾಗಿ ದೊಡ್ಡ ಪಟ್ಟಣಕ್ಕೆ ಕಳುಹಿಸುವ ತಾಯಿತಂದೆಗಳು ಈ ಭಯವನ್ನು ತೋಡಿಕೊಳ್ಳುವುದುಂಟು. ವೃತ್ತಪತ್ರಿಕೆಗಳನ್ನು ತೆರೆದರೆ ಅದಕ್ಕೆ ಪುಷ್ಟಿ ದೊರೆಯದ ದಿನವೂ ಅಪರೂಪ. ಆದರೆ ನಂಬಿಕೆ ಎಷ್ಟೇ ವ್ಯಾಪಕವಾಗಿದ್ದರೂ, ಎಣಿಸಿ ಅಳೆದು ನೋಡದೆ ಅದನ್ನು ಸತ್ಯವೆಂದು ಒಪ್ಪುವುದು ವಿಜ್ಞಾನದ ಮಾರ್ಗವಲ್ಲ. ಕೊಲೆಗಳನ್ನು ಅಳೆಯುವುದು ಹೇಗೆ? ಅವು ಏರುವುದೇಕೆ, ಇಳಿಯುವುದೇಕೆ? ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಎರಡು ನಗರಗಳ ವೃತ್ತಾಂತವು ಈ ಪ್ರಶ್ನೆಗಳ ಮೇಲೆ ಸಾಕಷ್ಟು ಬೆಳಕನ್ನು ಚೆಲ್ಲುವುದು.

ಸಂಖ್ಯೆ ಬೇರೆ, ಪ್ರಮಾಣ ಬೇರೆ

ಮೊದಲು ಅಳತೆಯ ವಿಷಯವನ್ನು ನೋಡೋಣ. ಒಂದು ಲಕ್ಷ ಜನರಿರುವ ಊರಿನಲ್ಲಿ ಒಂದು ವರ್ಷ 10 ಕೊಲೆಗಳಾದುವೆಂದೂ, ಇಪ್ಪತ್ತು ಲಕ್ಷ ಜನರಿರುವ ನಗರದಲ್ಲಿ ಅದೇ ವರ್ಷ 100 ಕೊಲೆಗಳಾದುವೆಂದೂ ಭಾವಿಸೋಣ. ಸುದ್ದಿಯಾಗುವುದು ನಗರವೇ. ಆದರೆ ಲೆಕ್ಕ ಹಾಕಿದರೆ ಊರಿನಲ್ಲಿ ಲಕ್ಷಕ್ಕೆ 10, ನಗರದಲ್ಲಿ ಲಕ್ಷಕ್ಕೆ 5 ಮಾತ್ರ. ನಗರವಾಸಿಗಿರುವ ಅಪಾಯವು ಊರಿನವನಿಗಿರುವುದರ ಅರ್ಧದಷ್ಟೇ ಆಯಿತು. ಆದುದರಿಂದ ವಿಜ್ಞಾನಿಗಳು ಬರಿಯ ಸಂಖ್ಯೆಯನ್ನು ನೆಚ್ಚದೆ, ವರ್ಷಕ್ಕೆ ಲಕ್ಷ ಜನರಲ್ಲಿ ಎಷ್ಟು ಮಂದಿ ಕೊಲೆಗೀಡಾದರೆಂಬ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವರು.

ಅಪರಾಧಗಳಲ್ಲೆಲ್ಲ ಕೊಲೆಯ ಲೆಕ್ಕವೇ ಹೆಚ್ಚು ನಂಬಲರ್ಹವಾದುದು. ಕಳವಾದರೆ ಎಷ್ಟೋ ಮಂದಿ ಠಾಣೆಯ ಮೆಟ್ಟಿಲನ್ನು ಹತ್ತುವುದಿಲ್ಲ. ಹೆಣವನ್ನು ಬಚ್ಚಿಡುವುದು ಅಷ್ಟು ಸುಲಭವಲ್ಲ. ಆದರೂ ಇಲ್ಲಿ ಎಚ್ಚರಿಕೆ ಬೇಕು. ಪೋಲೀಸರ ಎಣಿಕೆಗೂ ಶವಪರೀಕ್ಷೆ ಮಾಡುವ ವೈದ್ಯರ ಎಣಿಕೆಗೂ ವ್ಯತ್ಯಾಸ ಬರಬಹುದು. ಅಲ್ಲದೆ, ಇರಿತಕ್ಕೀಡಾದವನನ್ನು ಬೇಗನೆ ಆಸ್ಪತ್ರೆಗೆ ಸೇರಿಸಿ ಉಳಿಸಿಕೊಳ್ಳುವ ಅನುಕೂಲತೆ ಹೆಚ್ಚಿದರೆ, ಹೊಡೆದಾಟಗಳು ಮೊದಲಿನಷ್ಟೇ ಇದ್ದರೂ ಕೊಲೆಗಳು ಕಡಿಮೆಯಾದಂತೆ ತೋರುವುದು.

ಕಾಲಿ ನಗರದ ಒಗಟು

ಕೊಲಂಬಿಯದ ನೈಋತ್ಯ ಭಾಗದಲ್ಲಿ, ಕೌಕಾ ನದಿಯ ಕಣಿವೆಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಕಾಲಿ ಎಂಬ ನಗರವಿದೆ. 1951ರಲ್ಲಿ ಅಲ್ಲಿನ ಜನಸಂಖ್ಯೆ ಮೂರು ಲಕ್ಷವನ್ನೂ ಮುಟ್ಟಿರಲಿಲ್ಲ. ಹಳ್ಳಿಗಳಿಂದಲೂ ಪೆಸಿಫಿಕ್ ಕರಾವಳಿಯಿಂದಲೂ ಜನರು ತಂಡತಂಡವಾಗಿ ಬಂದು ನೆಲೆಸಿದುದರಿಂದ, 1990ರ ದಶಕದ ಆರಂಭದ ವೇಳೆಗೆ ಅದು 15 ಲಕ್ಷವನ್ನು ಮೀರಿತು.

1983ರಲ್ಲಿ ಈ ನಗರದ ಕೊಲೆಯ ಪ್ರಮಾಣ ಲಕ್ಷಕ್ಕೆ 23. 1994ರಲ್ಲಿ ಅದು 124! ಹನ್ನೊಂದು ವರ್ಷಗಳಲ್ಲಿ ಐದು ಪಟ್ಟಿಗೂ ಹೆಚ್ಚು. ಇದು ಜನಸಂಖ್ಯೆಗೆ ಭಾಗಿಸಿ ಪಡೆದ ಅಂಕೆಯಾದುದರಿಂದ, ಜನರು ಹೆಚ್ಚಿದುದೇ ಕಾರಣವೆಂದು ಹೇಳುವಂತಿಲ್ಲ. ಮತ್ತೇನು ಕಾರಣ? ಆ ಕಾಲದಲ್ಲಿ ಕಾಲಿ ನಗರವು ಕೊಕೇನ್ ಎಂಬ ಮಾದಕ ವಸ್ತುವಿನ ಕಳ್ಳವ್ಯಾಪಾರಕ್ಕೆ ಕುಪ್ರಸಿದ್ಧವಾಗಿದ್ದಿತು. ಎಲ್ಲ ಕೊಲೆಗಳನ್ನೂ ಆ ವ್ಯಾಪಾರಿಗಳ ತಲೆಗೆ ಕಟ್ಟಿ ಸುಮ್ಮನಾಗುವುದು ಸುಲಭವಾಗಿದ್ದಿತು.

1992ರಲ್ಲಿ ನಗರದ ಮೇಯರ್ ಆಗಿ ಬಂದ ರೊಡ್ರಿಗೊ ಗೆರೆರೊ ಅವರು ಹಾಗೆ ಸುಮ್ಮನಾಗಲಿಲ್ಲ. ಅವರು ವೃತ್ತಿಯಿಂದ ವೈದ್ಯರು. ರೋಗಗಳು ಜನಸಮುದಾಯದಲ್ಲಿ ಹರಡುವ ಬಗೆಯನ್ನು ಅಭ್ಯಸಿಸಿದ ತಜ್ಞರು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ತಲೆದೋರಿದಾಗ, ಡಾಕ್ಟರ್ ಜಾನ್ ಸ್ನೋ ಅವರು ಸತ್ತವರ ಮನೆಗಳನ್ನು ಗುರುತಿಸುತ್ತ ಹೋಗಿ, ರೋಗದ ಮೂಲವು ಬ್ರಾಡ್ ಬೀದಿಯ ಒಂದು ನೀರಿನ ಪಂಪೆಂದು ತೋರಿಸಿಕೊಟ್ಟ ಸಂಗತಿಯನ್ನು ನಮ್ಮ ಓದುಗರಲ್ಲಿ ಹಲವರು ಬಲ್ಲರು. ಸ್ನೋ ಅವರಿಗೆ ಕಾಲರಾದ ಕ್ರಿಮಿಯ ಪರಿಚಯವಿರಲಿಲ್ಲ. ಯಾರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳೇ ಅವರ ಉಪಕರಣಗಳು. ಗೆರೆರೊ ಅವರು ಇವೇ ಪ್ರಶ್ನೆಗಳನ್ನು ಕೊಲೆಗಳ ವಿಷಯದಲ್ಲಿ ಕೇಳಿದರು. ಪೋಲೀಸರು, ನ್ಯಾಯಾಂಗದವರು, ಶವಪರೀಕ್ಷೆಯ ವೈದ್ಯರು, ಆರೋಗ್ಯಾಧಿಕಾರಿಗಳು ವಾರಕ್ಕೊಮ್ಮೆ ಒಂದೆಡೆ ಕಲೆತು, ಪ್ರತಿಯೊಂದು ಸಾವಿನ ವಿವರವನ್ನೂ ತಾಳೆ ನೋಡುವ ಏರ್ಪಾಡಾಯಿತು.

ಅಂಕೆಗಳು ಹೇಳಿದ ಕಥೆಯೇ ಬೇರೆ. ಮಾದಕ ವಸ್ತುವಿನ ವ್ಯಾಪಾರದ ಪಾತ್ರ ಸಣ್ಣದೇನೂ ಅಲ್ಲ. ಆದರೆ ಸತ್ತವರಲ್ಲಿ ಬಹುಮಂದಿ ಬಡ ಬಡಾವಣೆಗಳ ತರುಣರು. ಬಹುಪಾಲು ಕೊಲೆಗಳಲ್ಲಿ ಬಳಕೆಯಾದುದು ಬಂದೂಕು, ಪಿಸ್ತೂಲು. ವಾರದ ಕೊನೆಯ ದಿನಗಳಲ್ಲಿ, ರಜಾದಿನಗಳಲ್ಲಿ, ಸಂಬಳದ ಹಣ ಕೈಗೆ ಬಂದ ರಾತ್ರಿಗಳಲ್ಲಿ ಸಾವುಗಳು ಹೆಚ್ಚು. ಸತ್ತವರ ರಕ್ತದಲ್ಲಿ ಮದ್ಯಸಾರವೂ ಅನೇಕವೇಳೆ ಕಂಡುಬಂದಿತು. ಕುಡಿತದ ಅಮಲಿನಲ್ಲಿ ಹುಟ್ಟಿದ ಜಗಳ, ಸೊಂಟದಲ್ಲಿ ಸಿದ್ಧವಾಗಿದ್ದ ಪಿಸ್ತೂಲು: ಬೆಳಗಾಗುವಷ್ಟರಲ್ಲಿ ಮರೆತುಹೋಗಬಹುದಾಗಿದ್ದ ಮನಸ್ತಾಪವು ಕೊಲೆಯಲ್ಲಿ ಕೊನೆಗಾಣುತ್ತಿದ್ದಿತು.

ನಿಷೇಧದ ಪರೀಕ್ಷೆ

ಕಾರಣಗಳ ಗುರುತು ಸಿಕ್ಕಿದ ಮೇಲೆ ಚಿಕಿತ್ಸೆ. ರಾತ್ರಿ ಹೊತ್ತು ಮೀರಿ ಮದ್ಯ ಮಾರುವುದಕ್ಕೆ ಕಡಿವಾಣ ಬಿದ್ದಿತು. ಸಂಬಳದ ನಂತರದ ವಾರಾಂತ್ಯಗಳು, ರಜಾದಿನಗಳು, ಚುನಾವಣೆಯ ದಿನಗಳು, ಇವುಗಳಲ್ಲಿ ಪರವಾನಗಿಯುಳ್ಳವರು ಕೂಡ ಆಯುಧವನ್ನು ಹೊರಗೆ ಒಯ್ಯಕೂಡದೆಂಬ ಆಜ್ಞೆ 1993 ಮತ್ತು 1994ರಲ್ಲಿ ಜಾರಿಗೆ ಬಂದಿತು. ಬಡ ಬಡಾವಣೆಗಳ ತರುಣರಿಗೆ ಕೆಲಸ, ವಿನೋದ, ಶಿಕ್ಷಣ ಒದಗಿಸುವ ಯೋಜನೆಗಳೂ ಜತೆಗೂಡಿದುವು.

ಇದರಿಂದ ಫಲ ದೊರೆಯಿತೆ? ನಿಷೇಧವಿದ್ದ ದಿನಗಳನ್ನು ನಿಷೇಧವಿಲ್ಲದ ಅದೇ ಬಗೆಯ ದಿನಗಳೊಡನೆ ಹೋಲಿಸಿ ಮಾಡಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಕಾಲಿಯಲ್ಲಿ ನಿಷೇಧದ ದಿನಗಳ ಕೊಲೆಯ ಪ್ರಮಾಣವು ಶೇಕಡ 14ರಷ್ಟು ಕಡಿಮೆ. ಇದೇ ಕ್ರಮವನ್ನು ಮುಂದೆ ಅನುಸರಿಸಿದ ರಾಜಧಾನಿ ಬೊಗೊಟಾದಲ್ಲಿ ಶೇಕಡ 13ರಷ್ಟು ಕಡಿಮೆ. ನೂರು ಮಂದಿ ಸಾಯುತ್ತಿದ್ದ ಕಡೆ ಸುಮಾರು 86 ಮಂದಿ ಸತ್ತರೆಂದರೆ, ಹದಿನಾಲ್ಕು ಮನೆಗಳ ದೀಪ ಉಳಿಯಿತೆಂದು ಅರ್ಥ.

ಆದರೆ ಜಾಗರೂಕ ಓದುಗರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: 1994ರಲ್ಲಿ ನಿಷೇಧವಿದ್ದಿತಲ್ಲವೆ? ಅದೇ ವರ್ಷ ಪ್ರಮಾಣವು ತುತ್ತತುದಿಗೇರಿದುದು ಹೇಗೆ? ಆಕ್ಷೇಪ ನ್ಯಾಯವಾದುದೇ. ನಿಷೇಧವಿದ್ದುದು ಕೆಲವೇ ದಿನಗಳಲ್ಲಿ. ಉಳಿದ ದಿನಗಳಲ್ಲಿ ಇತರ ಕಾರಣಗಳು ತಮ್ಮ ಕೆಲಸವನ್ನು ನಡೆಸಿಯೇ ಇದ್ದುವು. 1997ರ ವೇಳೆಗೆ ಪ್ರಮಾಣವು 86ಕ್ಕೆ ಇಳಿಯಿತು. ಆದರೆ ನಡುವೆ 1995ರಲ್ಲಿ ಮಾದಕ ವಸ್ತುವಿನ ಕೂಟದ ನಾಯಕರು ಸೆರೆಸಿಕ್ಕಿದ್ದರು. ಇಳಿತದಲ್ಲಿ ಯಾವುದರ ಪಾಲು ಎಷ್ಟೆಂದು ವರ್ಷದ ಅಂಕೆಯೊಂದರಿಂದಲೇ ಹೇಳಲಾಗದು. ಆದುದರಿಂದಲೇ ದಿನಕ್ಕೆ ದಿನವನ್ನು ಹೋಲಿಸಿದ ಆ ಅಧ್ಯಯನಕ್ಕೆ ಬೆಲೆ ಹೆಚ್ಚು.

ಬೆಟ್ಟದ ಬಡಾವಣೆಗಳು

ಅದೇ ದೇಶದ ಮೆಡೆಲಿನ್ ನಗರದಲ್ಲಿ ಹೋಲಿಕೆಗೆ ಒದಗಿದುದು ದಿನಗಳಲ್ಲ, ಬಡಾವಣೆಗಳು. 1991ರಲ್ಲಿ ಅಲ್ಲಿನ ಕೊಲೆಯ ಪ್ರಮಾಣ ಲಕ್ಷಕ್ಕೆ ಸುಮಾರು 380. ಪಾಬ್ಲೊ ಎಸ್ಕೊಬಾರ್ ಎಂಬ ಕಳ್ಳವ್ಯಾಪಾರಿ ಸರ್ಕಾರದ ಮೇಲೆಯೇ ಯುದ್ಧ ಹೂಡಿದ್ದ ಕಾಲವದು. 1993ರಲ್ಲಿ ಅವನು ಹತನಾದನು, ಪ್ರಮಾಣವೂ ಇಳಿಯತೊಡಗಿತು. ಆದರೂ ಬೆಟ್ಟದ ಇಳಿಜಾರುಗಳಲ್ಲಿ ವಲಸೆಗಾರರು ಕಟ್ಟಿಕೊಂಡ ಬಡಾವಣೆಗಳು ನಗರದಿಂದ ದೂರವಾಗಿಯೇ ಉಳಿದಿದ್ದುವು.

2004ರಲ್ಲಿ ಅಂತಹ ಕೆಲವು ಬಡಾವಣೆಗಳಿಗೆ, ತಂತಿಯ ಮೇಲೆ ತೂಗಿಕೊಂಡು ಸಾಗುವ ಕೇಬಲ್ ಕಾರ್ ಬಂದಿತು. ಅದರೊಡನೆ ಬೀದಿದೀಪ, ಕಾಲುದಾರಿ, ಉದ್ಯಾನ, ಗ್ರಂಥಾಲಯಗಳೂ ಬಂದುವು. ಅವುಗಳನ್ನೇ ಹೋಲುವ ಬೇರೆ ಬಡಾವಣೆಗಳಿಗೆ ಈ ಸೌಕರ್ಯ ಆಗ ದೊರೆಯಲಿಲ್ಲ. ಸಂಶೋಧಕರು ಬಯಸಿದರೂ ಏರ್ಪಡಿಸಲಾಗದ ಪ್ರಯೋಗವೊಂದು ತಾನಾಗಿಯೇ ಏರ್ಪಟ್ಟಿತು! ಮಗ್ಡಲೇನಾ ಸೆರ್ಡಾ ಮತ್ತು ಸಂಗಡಿಗರು 2003 ಹಾಗೂ 2008ರ ಸ್ಥಿತಿಯನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕೊಲೆಯ ಪ್ರಮಾಣವು ಎರಡು ಕಡೆಯೂ ಇಳಿದಿದ್ದಿತು. ಆದರೆ ಸೌಕರ್ಯ ಪಡೆದ ಬಡಾವಣೆಗಳ ಇಳಿತವು ಉಳಿದವುಗಳದಕ್ಕಿಂತ ಶೇಕಡ 66ರಷ್ಟು ಹೆಚ್ಚಾಗಿದ್ದಿತು.

ಇಳಿದುದು ಮತ್ತೆ ಏರದೆಂಬ ಭರವಸೆಯಿಲ್ಲ. 2008ರಲ್ಲಿ ಪುಂಡರ ನಾಯಕನೊಬ್ಬನನ್ನು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಒಪ್ಪಿಸಿದ ಮೇಲೆ, ಅವನ ಸ್ಥಾನಕ್ಕಾಗಿ ಗುಂಪುಗಳು ಕಾದಾಡಿ, 2009ರಲ್ಲಿ ಮೆಡೆಲಿನ್ನಿನ ಕೊಲೆಗಳು ಮತ್ತೆ ಏರಿದುವು. ಆ ಮೇಲೆ ಪುನಃ ಇಳಿದು, 2015ರ ವೇಳೆಗೆ ಲಕ್ಷಕ್ಕೆ ಸುಮಾರು 20ಕ್ಕೆ ಬಂದುವು. ಗಮನಿಸಬೇಕಾದುದೇನೆಂದರೆ, 1991ರ ನಂತರದ ಈ ಅವಧಿಯಲ್ಲಿ ನಗರದ ಜನಸಂಖ್ಯೆ ಏರುತ್ತಲೇ ಹೋಗಿದ್ದಿತು.

ನಗರವು ಬೆಳೆದ ಮಾತ್ರಕ್ಕೆ ಕೊಲೆಗಳು ಹೆಚ್ಚಲೇಬೇಕೆಂಬ ನಿಯಮವಿಲ್ಲವೆಂದು ಇದರಿಂದ ತಿಳಿಯುವುದು. ಕೈಗೆಟುಕುವ ಆಯುಧ, ಕುಡಿತ, ಕೆಲಸವಿಲ್ಲದ ತಾರುಣ್ಯ, ಕಳ್ಳವ್ಯಾಪಾರ, ಆಡಳಿತದ ಕಣ್ಣಿಗೆ ಬೀಳದ ಬಡಾವಣೆ, ಇವು ಕೂಡಿದಾಗ ಪ್ರಮಾಣವು ಏರುವುದು. ಇವುಗಳಲ್ಲಿ ಒಂದೊಂದನ್ನು ಸಡಿಲಿಸಿದರೂ ಅಷ್ಟಷ್ಟು ಇಳಿಯುವುದು. ಕಾಲರಾದಂತೆ ಇದಕ್ಕೂ ಕಾರಣಗಳುಂಟು, ಅವುಗಳನ್ನು ಹುಡುಕುವ ಕ್ರಮವೂ ಉಂಟು. ಮುಂದೆ ನಗರಗಳ ಆಡಳಿತವನ್ನು ವಹಿಸಿಕೊಳ್ಳಬೇಕಾದ ಇಂದಿನ ವಿದ್ಯಾರ್ಥಿಗಳು, ಕೊಲೆಯ ಸುದ್ದಿಯನ್ನು ಓದಿದಾಗ ಕಾಲ ಕೆಟ್ಟಿತೆಂದು ನಿಟ್ಟುಸಿರುಬಿಟ್ಟು ಹಾಳೆಯನ್ನು ಮಗುಚದೆ, ಯಾರು, ಎಲ್ಲಿ, ಯಾವಾಗ, ಎಷ್ಟರಲ್ಲಿ ಎಷ್ಟು ಎಂದು ಕೇಳುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಬೇಕು.