ಸೊಂಟನೋವೂ ಗುಳಿಗೆಯ ಮೋಹವೂ

ಮೂವತ್ತೆರಡು ವರ್ಷಗಳ ಕಾಲ ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿದ ಉಪಾಧ್ಯಾಯನಿಗೆ ನಿವೃತ್ತಿವೇತನದೊಡನೆ ಬೇಡದೆಯೇ ದೊರೆಯುವ ಮತ್ತೊಂದು ವೇತನವುಂಟು; ಅದೇ ಸೊಂಟನೋವು. ನನಗೂ ಅದು ತಪ್ಪಲಿಲ್ಲ. ಧರ್ಮಪುರದ ನಮ್ಮ ಮನೆಯ ಜಗಲಿಯಿಂದ ಏಳಬೇಕಾದರೆ ಕಂಬವನ್ನು ಹಿಡಿಯಬೇಕು. ಬಿಂದಿಗೆಯನ್ನೆತ್ತಬೇಕಾದರೆ ಮೊಮ್ಮಗನನ್ನು ಕೂಗಬೇಕು. ಔಷಧದ ಅಂಗಡಿಯಲ್ಲಿ ಕೇಳಿದೊಡನೆ ಗುಳಿಗೆ ಸಿಕ್ಕಿತು. ನುಂಗಿದ ಒಂದೆರಡು ಗಳಿಗೆಯಲ್ಲಿ ನೋವು ಅಡಗಿತು. ದಿನಕ್ಕೊಂದಾಗಿದ್ದುದು ಎರಡಾಯಿತು. ಹೀಗೆ ಎರಡು ವರ್ಷ ಕಳೆದ ಮೇಲೆ ಕಾಲು ಬಾತುಕೊಂಡಿತು. ರಕ್ತಪರೀಕ್ಷೆಯ ಕಾಗದವನ್ನು ನೋಡಿದ ವೈದ್ಯರು, "ಮೇಷ್ಟ್ರೇ, ಈಗ ನನಗೆ ನಿಮ್ಮ ಸೊಂಟಕ್ಕಿಂತ ಮೂತ್ರಪಿಂಡದ ಚಿಂತೆ ಹೆಚ್ಚಾಗಿದೆ. ಈ ಗುಳಿಗೆ ಇಂದಿಗೆ ಸಾಕು" ಎಂದರು. ಹಾಗಾದರೆ ನೋವಿಗೆ ಗತಿಯೇನು? ಆ ಪ್ರಶ್ನೆಗೆ ಓದಿಯೂ ಅನುಭವಿಸಿಯೂ ಕಂಡುಕೊಂಡ ಉತ್ತರವನ್ನು ವಾಚಕರ ಮುಂದಿಡುತ್ತೇನೆ.

ಸೊಂಟದಿಂದ ಹೊರಟು ತೊಡೆ, ಮೊಣಕಾಲು, ಮೀನಖಂಡಗಳ ಹಾದಿಯಾಗಿ ಪಾದಕ್ಕಿಳಿಯುವ ನೋವನ್ನು ಚರಕಸಂಹಿತೆಯು ವಾತವ್ಯಾಧಿಗಳಲ್ಲಿ ಎಣಿಸಿ ಗೃಧ್ರಸೀ ಎಂದು ಕರೆದಿದೆ. ಗೃಧ್ರವೆಂದರೆ ರಣಹದ್ದು, ರೋಗಿಯ ನಡಿಗೆ ಆ ಪಕ್ಷಿಯ ನಡಿಗೆಯನ್ನು ಹೋಲುವುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಈ ಹೆಸರಿನಲ್ಲಿ ವಿಧಿಯ ಒಂದು ವಿನೋದವೂ ಅಡಗಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆಯನ್ನು ಸೇರಿ, ಅವುಗಳ ಮೂತ್ರಪಿಂಡಗಳನ್ನು ಕೆಡಿಸಿ, ನಮ್ಮ ದೇಶದಲ್ಲಿ ಆ ಸಂತತಿಯನ್ನು ಬಹುಮಟ್ಟಿಗೆ ಅಳಿಸಿಹಾಕಿತು. ೨೦೦೬ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ಭಾರತ ಸರ್ಕಾರವು ನಿಷೇಧಿಸಿತು. ಮನುಷ್ಯನ ದೇಹವು ಆ ಹಕ್ಕಿಯದಷ್ಟು ಸುಲಭವಾಗಿ ಸೋಲತಕ್ಕದ್ದಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೆಲವು ದಿನ ಸೇವಿಸಿದರೆ ಅದೇ ಔಷಧವು ಉಪಕಾರಿಯೇ. ಆದರೆ ಆ ಜಾತಿಯ ಗುಳಿಗೆಗಳನ್ನು ಹೇಳುವವರು ಕೇಳುವವರಿಲ್ಲದೆ ವರ್ಷಗಟ್ಟಲೆ ನುಂಗಿದರೆ ಜಠರದ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ ಇವು ಸಂಭವಿಸಬಹುದು.

ಈ ಬಾಧೆ ನಮ್ಮದೊಂದೇ ಊರಿನದಲ್ಲ. ೨೦೨೦ರಲ್ಲಿ ಜಗತ್ತಿನ ಸುಮಾರು ೬೧ ಕೋಟಿ ೯೦ ಲಕ್ಷ ಜನರಿಗೆ ಸೊಂಟನೋವಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದೇ ಸಂಸ್ಥೆಯು ೨೦೨೩ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ರೋಗಿಗೆ ತಿಳಿವಳಿಕೆ, ವ್ಯಾಯಾಮ, ಅಂಗಮರ್ದನ, ಮನಸ್ಸಿಗೆ ಧೈರ್ಯ ಕೊಡುವ ಚಿಕಿತ್ಸೆ ಇವುಗಳಿಗೆ ಸ್ಥಾನವುಂಟು. ಸೊಂಟಕ್ಕೆ ಕಟ್ಟುವ ಪಟ್ಟಿಗೂ, ಭಾರ ಹಾಕಿ ಎಳೆಯುವ ಚಿಕಿತ್ಸೆಗೂ, ಅಫೀಮಿನ ವರ್ಗದ ಮದ್ದುಗಳಿಗೂ ಇಲ್ಲ. ಹತ್ತರಲ್ಲಿ ಒಂಬತ್ತು ಪಾಲು ಸೊಂಟನೋವಿಗೆ ಇಂಥದೇ ಮೂಳೆಯ ಅಥವಾ ನರದ ರೋಗವೆಂದು ಬೆರಳಿಟ್ಟು ತೋರಿಸಲಾಗದು. ಆದಕಾರಣ ನೋವೆಂದು ಹಾಸಿಗೆ ಹಿಡಿಯುವುದು ತಪ್ಪು. ಮಲಗಿದಷ್ಟೂ ಬೆನ್ನಿನ ಸ್ನಾಯುಗಳು ಸೊರಗುತ್ತವೆ.

ಚಲನೆಯೇ ಮದ್ದೆಂಬ ಈ ಮಾತು ನಮ್ಮ ಸೀಮೆಗೆ ಹೊಸದಲ್ಲ. ೧೯೩೩ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗವನ್ನು ಕಲಿಸಿ, ೧೯೩೪ರಲ್ಲಿ ಕನ್ನಡದಲ್ಲಿ 'ಯೋಗ ಮಕರಂದ'ವನ್ನು ಬರೆದ ತಿರುಮಲೈ ಕೃಷ್ಣಮಾಚಾರ್ಯರು ನಮ್ಮ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಜನಿಸಿದವರು. ಅವರ ಶಿಷ್ಯರಾದ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರರು ಕುರ್ಚಿ, ಹಗ್ಗ, ಮರದ ತುಂಡುಗಳ ಆಸರೆಯಿಂದ ಬಾಗಲಾರದವರಿಗೂ ಆಸನಗಳನ್ನು ಸುಲಭಗೊಳಿಸಿದರು. ಬೆಂಗಳೂರಿನ ಬಳಿಯ ಜಿಗಣಿಯಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಬಹುಕಾಲದ ಸೊಂಟನೋವಿನ ೮೦ ರೋಗಿಗಳನ್ನು ಎರಡು ಗುಂಪುಮಾಡಿ, ಒಂದಕ್ಕೆ ಯೋಗವನ್ನೂ ಮತ್ತೊಂದಕ್ಕೆ ಸಾಮಾನ್ಯ ವ್ಯಾಯಾಮವನ್ನೂ ಒಂದು ವಾರ ಮಾಡಿಸಿ ನೋಡಿದರು. ೨೦೦೮ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಯೋಗದ ಗುಂಪಿನವರ ಅಶಕ್ತತೆ ಹೆಚ್ಚು ತಗ್ಗಿತ್ತು, ಬೆನ್ನು ಹೆಚ್ಚು ಬಾಗುತ್ತಿತ್ತು.

ಆಸನವೂ ಕಷ್ಟವೆನ್ನುವವರಿಗೆ ನಡಿಗೆಯುಂಟು. ಸೊಂಟನೋವಿನಿಂದ ಆಗತಾನೆ ಚೇತರಿಸಿಕೊಂಡಿದ್ದ ೭೦೧ ಮಂದಿಯನ್ನು ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ಕ್ರಮವಾಗಿ ನಡಿಗೆಯನ್ನು ಬೆಳೆಸಿಕೊಂಡವರಿಗೆ ನೋವು ಮರುಕಳಿಸಲು ಸಾಮಾನ್ಯವಾಗಿ ೨೦೮ ದಿನ ಹಿಡಿದರೆ, ಉಳಿದವರಿಗೆ ೧೧೨ ದಿನಗಳಲ್ಲೇ ಅದು ಮರಳಿತು. ನಾನು ನಮ್ಮ ಕೆರೆಯ ಏರಿಯ ಮೇಲೆ ಮೊದಲು ಹತ್ತು ನಿಮಿಷ ನಡೆದೆ. ಮೂರು ತಿಂಗಳಲ್ಲಿ ಅದು ಅರ್ಧ ಗಂಟೆಯಾಯಿತು. ಹೊರಡುವ ಮುನ್ನ ಮನೆಯಾಕೆ ಲಕ್ಕಿಸೊಪ್ಪನ್ನು ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುವಳು. ಕಾವಿನ ಸುಖ ಅಲ್ಪಕಾಲದ್ದು. ಆದರೂ ಕಾಲು ಕೀಳುವ ಧೈರ್ಯವನ್ನು ಅದು ಕೊಡುತ್ತದೆ. ಮಧುಮೇಹದಿಂದ ಚರ್ಮ ಮರಗಟ್ಟಿದವರು ಮಾತ್ರ ಸುಟ್ಟುಕೊಳ್ಳದಂತೆ ಎಚ್ಚರವಿರಬೇಕು.

ಮತ್ತೆ ಕೆಲವು ಎಚ್ಚರಿಕೆಗಳು. ಕಾಲು ದಿನೇ ದಿನೇ ಬಲಗುಂದಿದರೆ, ಕುಳಿತುಕೊಳ್ಳುವ ಭಾಗ ಜೋಮು ಹಿಡಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಜ್ವರವೋ ಕಾರಣವಿಲ್ಲದ ಕೃಶತೆಯೋ ಜೊತೆಗೂಡಿದರೆ, ಬಿದ್ದ ಮೇಲೆ ನೋವು ಬಂದರೆ, ಮನೆಮದ್ದನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗತಕ್ಕದ್ದು. ವೈದ್ಯರು ಬರೆದುಕೊಟ್ಟ ಔಷಧವನ್ನು ಅವರನ್ನು ಕೇಳದೆ ನಿಲ್ಲಿಸಬಾರದು. ನಾಟಿಮದ್ದೆಂದು ಮಾರುವ ಹೆಸರಿಲ್ಲದ ಪುಡಿಗಳನ್ನೂ ನಂಬಬಾರದು. ಅಂಥ ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದುದು ಪತ್ತೆಯಾದದ್ದುಂಟು.

ಇಷ್ಟೆಲ್ಲವನ್ನೂ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳಿಗೆ ಉತ್ಸಾಹದಿಂದ ಬೋಧಿಸಿದೆ. ಕಡಲೆಕಾಯಿ ಹೊಲದಲ್ಲಿ ಬಗ್ಗಿ ಕಳೆ ಕೀಳುವ ಕೂಲಿಯಾಕೆ ಆಕೆ. ಸಮಾಧಾನದಿಂದ ಕೇಳಿ, "ಮೇಷ್ಟ್ರೇ, ನಿಮಗೆ ಪಿಂಚಣಿ ಬರ್ತದೆ, ನಡೀತೀರಿ. ನನ್ನ ಕೂಲಿ ಬರೋದೇ ಆ ಗುಳಿಗೆಯಿಂದ" ಎಂದಳು. ನನ್ನ ಪಾಂಡಿತ್ಯ ಅಲ್ಲಿಗೆ ಮೂಕವಾಯಿತು. ಮರುದಿನ ಆಕೆಯ ಗಂಡನನ್ನೂ ಮಗನನ್ನೂ ಕರೆದು ಮಾತನಾಡಿದೆ. ಈಗ ನೀರು ಹೊರುವ ಕೆಲಸ ಮಗನದು, ಸೌದೆಯದು ಗಂಡನದು. ಆಕೆ ಒಂದೊಂದು ಸಾಲು ಮುಗಿದಾಗಲೂ ಎದ್ದು, ಸೊಂಟಕ್ಕೆ ಕೈಕೊಟ್ಟು ನಾಲ್ಕು ಬಾರಿ ಹಿಂದಕ್ಕೆ ಬಾಗುತ್ತಾಳೆ. ಗುಳಿಗೆ ಪೂರ್ತಿ ನಿಂತಿಲ್ಲ. ದಿನವೂ ಇದ್ದುದು ವಾರಕ್ಕೆರಡಾಗಿದೆ.

ಗುಳಿಗೆಯನ್ನು ಒಬ್ಬರೇ ನುಂಗಬಹುದು. ಅದರ ಬದಲಿನ ಉಪಾಯಗಳಿಗೆ ಇಡೀ ಮನೆಯೇ ಕೈಗೂಡಿಸಬೇಕು. ನನ್ನ ನೋವು ಸಂಪೂರ್ಣ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಬಿಂದಿಗೆಗಾಗಿ ಈಗ ಮೊಮ್ಮಗನನ್ನು ಕೂಗುವುದಿಲ್ಲ. ಏರಿಯ ಮೇಲಿನ ನಡಿಗೆಗೆ ಮಾತ್ರ ಕೂಗುತ್ತೇನೆ.